ಹುಲಿಕೆರೆಯ ಜಗಲಿಯ ಮೇಲೆ ಎನ್‌ಎಲ್‌ಪಿ

ಮಾತನಾಡುವುದು ಹೇಗೆ ಎಂದು ಮಾತನಾಡಿಯೇ ಹೊಟ್ಟೆ ಹೊರೆದವನು ನಾನು. ಅರಸೀಕೆರೆಯ ಒಂದು ಸಣ್ಣ ಖಾಸಗಿ ತರಬೇತಿ ಕೇಂದ್ರದಲ್ಲಿ ನನ್ನ ಕೆಲಸ. ಹಾಲಿನ ಸೊಸೈಟಿ ಕಾರ್ಯದರ್ಶಿಗಳು, ವಿಮೆ ಏಜೆಂಟರು, ಹೊಸದಾಗಿ ಕೆಲಸಕ್ಕೆ ಸೇರಿದ ಮೇಷ್ಟ್ರುಗಳು, ಕೊಬ್ಬರಿ ಮಂಡಿಯವರ ಮಕ್ಕಳು, ಇವರಿಗೆಲ್ಲ ಸಂವಹನ ಕಲೆ ಮತ್ತು ವ್ಯಕ್ತಿತ್ವ ವಿಕಸನ ಹೇಳಿಕೊಡುವುದು. ಈಗ ನಿವೃತ್ತನಾಗಿದ್ದೇನೆ. ಮನೆಯಲ್ಲಿ ನನ್ನ ಮಾತು ಕೇಳುವವರು ಯಾರೂ ಇಲ್ಲದ ಕಾರಣ ಬರೆಯಲು ಕೂತಿದ್ದೇನೆ. ಈ ಕಸುಬಿಗೆ ಹೊಸದಾಗಿ ಬರುತ್ತಿರುವ ಹುಡುಗ ಹುಡುಗಿಯರು ಸಿಕ್ಕಾಗಲೆಲ್ಲ "ಸರ್, ನಿಮ್ಮ ಸಕ್ಸಸ್ ಸ್ಟೋರಿ ಹೇಳಿ" ಅನ್ನುತ್ತಾರೆ. ಹೇಳಿಕೊಳ್ಳುವಂಥದ್ದು ಇರುವುದು ಒಂದೇ. ಅದೂ ನನ್ನ ಪಾಠದಿಂದ ಆದದ್ದಲ್ಲ.

ನಮ್ಮ ನಿರ್ದೇಶಕರ ಹೆಸರು ರುದ್ರಪ್ಪನವರು. ಲೋಕದಲ್ಲಿ ಹೊಸದೇನು ಬಂದರೂ ಅರಸೀಕೆರೆಗೆ ಅದು ನಮ್ಮ ಕೇಂದ್ರದ ಬಾಗಿಲಿಂದಲೇ ಬರಬೇಕು ಎನ್ನುವ ಹಟ ಅವರದು. ಹಾಗಾಗಿ ಕರಿಹಲಗೆಯಲ್ಲಿ ಶುರುಮಾಡಿದ ನಾನು, ಗೋಡೆಗೆ ಬೆಳಕು ಬಿಡುವ ಪ್ರೊಜೆಕ್ಟರ್ ದಾಟಿ, ಪವರ್‌ಪಾಯಿಂಟ್ ದಾಟಿ, ಕೊನೆಗೆ ಮೊಬೈಲಿನಲ್ಲಿ ರೀಲ್ಸ್ ಮಾಡುವವರೆಗೆ ಬಂದೆ. ಸಾಮಾನು ಬದಲಾದವು, ನನ್ನ ಹಾಸ್ಯಪ್ರಸಂಗಗಳು ಮಾತ್ರ ಅವೇ. ಒಂದು ದಿನ ರುದ್ರಪ್ಪನವರು ಕರೆದು, "ಮೂರ್ತಿ, ಬೆಂಗಳೂರಿಗೆ ಹೋಗಿ ಎನ್‌ಎಲ್‌ಪಿ ಕಲಿತು ಬನ್ನಿ. ಈಗ ಅದಿಲ್ದೆ ಯಾರೂ ಮಾತೇ ಆಡ್ತಿಲ್ವಂತೆ" ಎಂದರು. ಹೋದೆ. ಒಂದು ಹೋಟೆಲಿನ ತಣ್ಣನೆಯ ಸಭಾಂಗಣದಲ್ಲಿ ಕೋಟು ಹಾಕಿದ ಮನುಷ್ಯರೊಬ್ಬರು ವಾರಾಂತ್ಯದಲ್ಲಿ ನನ್ನನ್ನು ಪ್ರವೀಣನನ್ನಾಗಿ ಮಾಡಿ ಕಳಿಸಿದರು.

ನ್ಯೂರೋ ಲಿಂಗ್ವಿಸ್ಟಿಕ್ ಪ್ರೋಗ್ರಾಮಿಂಗ್ ಅಂದರೆ ಬಾಯಿತುಂಬ ಹೆಸರು. ಬಿಡಿಸಿ ಹೇಳಿದರೆ ವಿಷಯ ಇಷ್ಟೇ. ನಮ್ಮ ತಲೆ, ನಮ್ಮ ಮಾತು, ನಮ್ಮ ಅಭ್ಯಾಸ ಮೂರೂ ಒಂದಕ್ಕೊಂದು ಗಂಟುಬಿದ್ದಿವೆ, ಒಂದನ್ನು ತಿದ್ದಿದರೆ ಉಳಿದವೂ ತಿದ್ದಿಕೊಳ್ಳುತ್ತವೆ ಎನ್ನುವ ನಂಬಿಕೆ. ಎದುರಿನವರು ಕೂತ ಹಾಗೆ ಕೂತು, ಅವರು ಉಸಿರಾಡುವ ಹಾಗೆ ಉಸಿರಾಡಿದರೆ ಅವರಿಗೆ ನಾವು ಹತ್ತಿರದವರು ಅನ್ನಿಸುತ್ತೇವಂತೆ. ಕೆಲವರು ನೋಡಿ ತಿಳಿಯುವವರು, ಕೆಲವರು ಕೇಳಿ ತಿಳಿಯುವವರು, ಕೆಲವರು ಮುಟ್ಟಿ ತಿಳಿಯುವವರು. ಅವರವರಿಗೆ ಒಗ್ಗುವ ಮಾತಿನಲ್ಲೇ ಹೇಳಬೇಕು. ಧೈರ್ಯ ತುಂಬಿದ್ದ ಗಳಿಗೆಯೊಂದನ್ನು ನೆನೆಯುತ್ತ ಹೆಬ್ಬೆರಳು ತೋರುಬೆರಳನ್ನು ಒತ್ತಿ ಒತ್ತಿ ರೂಢಿಮಾಡಿಕೊಂಡರೆ, ಮುಂದೆ ಅಳುಕಾದಾಗ ಬೆರಳೊತ್ತಿದರೆ ಸಾಕು, ಧೈರ್ಯ ಬರುತ್ತದೆ. ಇದಕ್ಕೆ ಲಂಗರು ಅಂತ ಹೆಸರು. ಇವು ಮೂಲ ಪಾಠಗಳು. ಇದರಲ್ಲಿ ಬಹುಪಾಲನ್ನು ವಿಜ್ಞಾನಿಗಳು ಒಪ್ಪುವುದಿಲ್ಲ ಎಂದು ನನಗೆ ತಿಳಿದದ್ದು ತಡವಾಗಿ. ಅಷ್ಟರಲ್ಲಿ ಸರ್ಟಿಫಿಕೇಟಿಗೆ ಕಟ್ಟು ಹಾಕಿಸಿ ಗೋಡೆಗೆ ಮೊಳೆ ಹೊಡೆದಾಗಿತ್ತು.

ಊರಿಗೆ ಬಂದವನೇ ಮೊದಲ ಪ್ರಯೋಗ ಮನೆಯಲ್ಲೇ ಮಾಡಿದೆ. ನನ್ನ ಹೆಂಡತಿ ಸುಮಿತ್ರ ಮಾತುಮಾತಿಗೆ "ಕೇಳಿಸ್ತಾ?" ಅನ್ನುತ್ತಾಳೆ. ಹಾಗಾದರೆ ಇವಳು ಕೇಳಿ ತಿಳಿಯುವ ಜಾತಿ ಎಂದು ತೀರ್ಮಾನಿಸಿ, ಊಟಕ್ಕೆ ಕೂತಾಗ ಅದನ್ನು ಅವಳಿಗೆ ವಿವರಿಸಿದೆ. ಸಾರು ಬಡಿಸುತ್ತಿದ್ದವಳು ಸೌಟು ನಿಲ್ಲಿಸಿ, "ನಾನು ಕೇಳಿಸ್ತಾ ಅನ್ನೋದು ನನ್ನ ಕಿವಿ ವಿಷಯ ಅಲ್ಲ ಕಣ್ರೀ, ನಿಮ್ಮ ಕಿವಿ ವಿಷಯ. ಗ್ಯಾಸ್ ಮುಗೀತಾ ಬಂದಿದೆ ಅಂತ ನಿನ್ನೆಯಿಂದ ಹೇಳ್ತಿದ್ದೀನಿ. ಕೇಳಿಸ್ತಾ?" ಎಂದಳು. ಹೇಳೋದು ಶಾಸ್ತ್ರ, ತಿನ್ನೋದು ಬದನೆಕಾಯಿ ಎಂಬ ಗಾದೆಯನ್ನು ಕಟ್ಟಿದವರ ಮನೆಯಲ್ಲೂ ಒಬ್ಬ ತರಬೇತುದಾರ ಇದ್ದಿರಬೇಕು.

ನನ್ನ ನಿವೃತ್ತಿಯ ಹಿಂದಿನ ವರ್ಷ ಭಾನುವಾರಗಳಲ್ಲಿ ಎನ್‌ಎಲ್‌ಪಿ ತರಗತಿ ಶುರುವಾಯಿತು. ಆ ತಂಡದಲ್ಲಿ ನೆನಪಿಡಬೇಕಾದವರು ಮೂವರು. ಸಿದ್ದಪ್ಪ ಎಂಬ ದನದ ವ್ಯಾಪಾರದ ದಲ್ಲಾಳಿ. ಪ್ರಸನ್ನ ಎಂಬ ಹಳೇಬೀಡಿನ ಗೈಡು. ಮತ್ತೆ ಗೌರಮ್ಮ. ಗೌರಮ್ಮ ಅರಸೀಕೆರೆಯಾಚೆಯ ಒಂದು ಹಳ್ಳಿಯಲ್ಲಿ ಮಹಿಳಾ ಹಾಲಿನ ಸೊಸೈಟಿಯ ಕಾರ್ಯದರ್ಶಿ. ಹಾಲಿಗೆ ನೀರು ಹಾಕಿದವರನ್ನು ಕಣ್ಣಲ್ಲೇ ನಿಲ್ಲಿಸುವ ಹೆಂಗಸು. ಮೊದಲ ದಿನವೇ, ಎಲ್ಲರೂ ತಮ್ಮ ಗುರಿ ಏನೆಂದು ಹೇಳಬೇಕು ಅಂದೆ. ಒಬ್ಬರು ಭಯ ಬಿಡಬೇಕು ಅಂದರು, ಒಬ್ಬರು ವೇದಿಕೆಯ ಮೇಲೆ ಮಾತಾಡಬೇಕು ಅಂದರು. ಗೌರಮ್ಮ ಎದ್ದುನಿಂತು, "ನಮ್ಮಣ್ಣ ನನ್ನ ಮಗಳ ಮದುವೆಗೆ ಬರಬೇಕು ಸಾರ್. ಅಷ್ಟೇ ನನ್ನ ಗುರಿ" ಎಂದರು.

ತರಗತಿ ಮುಗಿದ ಮೇಲೆ ವಿಚಾರಿಸಿದೆ. ಅಣ್ಣ ಬಸಣ್ಣ ಇರುವುದು ತವರೂರಾದ ಹುಲಿಕೆರೆಯಲ್ಲಿ, ಹಳೇಬೀಡಿನ ಹತ್ತಿರ. ಅಣ್ಣತಂಗಿ ಮಾತು ಬಿಟ್ಟು ವರ್ಷಗಳಾಗಿವೆ. ಕಾರಣ ಆಸ್ತಿಯಲ್ಲ. ಅವರ ತಾಯಿ ಹೋದ ದಿನ ಬಸಣ್ಣನ ಫೋನು ಬಂದಿತ್ತಂತೆ. ಇವರು ಎತ್ತಿದವರೇ "ಅವ್ವ ಹೆಂಗವ್ಳೆ?" ಎಂದು ಕೇಳಿದರೆ, ಅವನು "ಚೆನ್ನಾಗವ್ಳೆ" ಎಂದು ಹೇಳಿ ಇಟ್ಟುಬಿಟ್ಟ. ಬೇರೆ ಯಾರೋ ನೆಂಟರು ವಿಷಯ ಮುಟ್ಟಿಸಿ, ಎರಡು ಬಸ್ಸು ಹತ್ತಿ ಇವರು ಹೋಗುವ ಹೊತ್ತಿಗೆ ಮಣ್ಣು ಮಾಡಿ ಬಂದವರು ಕೈಕಾಲು ತೊಳೆಯುತ್ತಿದ್ದರು. ಹೊತ್ತು ಮುಳುಗುವ ಮುಂಚೆ ಮುಗಿಸಬೇಕೆಂದು ಊರ ಹಿರಿಯರು ಅವಸರ ಮಾಡಿದ್ದರಂತೆ.

"ನಮ್ಮವ್ವನ ಮುಖ ನೋಡಕ್ಕೆ ಬುಡಲಿಲ್ಲ ಸಾರ್ ಅವನು. ಸುಳ್ಳು ಹೇಳ್ಬುಟ್ಟ" ಎಂದರು ಗೌರಮ್ಮ.

ಈಗ ಮಗಳ ಮದುವೆ ಗೊತ್ತಾಗಿದೆ. ಹುಡುಗಿಯನ್ನು ಹಸೆಮಣೆಗೆ ಕರೆತರಬೇಕಾದವನು ಸೋದರಮಾವ. ವರಸೆಯಲ್ಲಿ ಬೇರೆಯವರನ್ನು ನಿಲ್ಲಿಸಬಹುದು, ಆದರೆ ಹುಡುಗಿ ಒಪ್ಪುತ್ತಿಲ್ಲ. ಚಿಕ್ಕವಳಿದ್ದಾಗ ತನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದ ಮಾವ ಬರದಿದ್ದರೆ ತಾನು ಹಸೆ ಏರುವುದಿಲ್ಲ ಅನ್ನುತ್ತಾಳೆ. ಮಧ್ಯಸ್ಥರು ಹೋಗಿ ಕೇಳಿದರೆ ಬಸಣ್ಣ, "ಅವಳೇ ಬಂದು ಬಾಯಿಬಿಟ್ಟು ಕರೆದರೆ ಬತ್ತೀನಿ" ಅಂದನಂತೆ. ಗೌರಮ್ಮನದು, ಅವನೇ ಮೊದಲು ಮಾತಾಡಲಿ ಎಂಬ ಹಟ. ಇಬ್ಬರೂ ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಎನ್ನುವುದಕ್ಕೆ ಬೇರೆ ಸಾಕ್ಷಿ ಬೇಕಿರಲಿಲ್ಲ. ನಾನು ಎದೆಯುಬ್ಬಿಸಿ, "ಚಿಂತೆ ಬಿಡಿ ಗೌರಮ್ಮ, ಇದಕ್ಕೆಲ್ಲ ನಮ್ಮಲ್ಲಿ ತಂತ್ರ ಇದೆ. ಪಾಠ ಮುಗೀಲಿ" ಎಂದೆ. ಆವತ್ತಿನಿಂದ ಆಕೆ ಎರಡನೇ ಬೆಂಚಿನಲ್ಲಿ ಕೂತು ನನ್ನ ಒಂದೊಂದು ಪಾಠವನ್ನೂ ಹಾಲಿನ ಸ್ಯಾಂಪಲ್ ನೋಡಿದ ಹಾಗೆ ನೋಡತೊಡಗಿದರು.

ಲಂಗರಿನ ಪಾಠ ಮಾಡಿದ ಮುಂದಿನ ವಾರ ಸಿದ್ದಪ್ಪ ಮುಖ ಊದಿಸಿಕೊಂಡು ಬಂದ. ನಮ್ಮ ಕಡೆಯ ದನದ ಸಂತೆಯಲ್ಲಿ ದರ ಬಾಯಲ್ಲಿ ಆಡುವುದಿಲ್ಲ. ಕೊಡುವವನು, ಕೊಳ್ಳುವವನು ಟವೆಲ್ಲಿನ ಅಡಿಯಲ್ಲಿ ಕೈ ಕೈ ಹಿಡಿದು, ಬೆರಳು ಒತ್ತಿಯೇ ಬೆಲೆ ಹೇಳಬೇಕು, ಒತ್ತಿಯೇ ಒಪ್ಪಬೇಕು. ಒಂದು ಒಳ್ಳೆಯ ಜೋಡಿ ಎತ್ತಿನ ವ್ಯಾಪಾರ ಕುದುರುತ್ತಿದ್ದಾಗ ಸಿದ್ದಪ್ಪನಿಗೆ ಅಳುಕಾಗಿದೆ. ನನ್ನ ಪಾಠ ನೆನಪಾಗಿ ಹೆಬ್ಬೆರಳು ತೋರುಬೆರಳು ಜೋರಾಗಿ ಒತ್ತಿದ್ದಾನೆ. ನಡುವೆ ಕೊಳ್ಳುವವನ ಬೆರಳಿತ್ತು. ತಾನು ಕೇಳಿದ ಕಡಿಮೆ ದರಕ್ಕೇ ಒಪ್ಪಿಗೆ ಸಿಕ್ಕಿತೆಂದು ಅವನು "ಆಯ್ತು" ಎಂದು ಟವೆಲ್ ಕೊಡವಿ ಎತ್ತು ಹೊಡೆದುಕೊಂಡು ಹೋದ. ಟವೆಲ್ ಅಡಿಯಲ್ಲಿ ಕೊಟ್ಟ ಮಾತನ್ನು ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ.

"ಧೈರ್ಯ ಏನೋ ಬಂತು ಸಾರ್" ಎಂದ ಸಿದ್ದಪ್ಪ. "ಎತ್ತು ಹೋಯ್ತು."

ತರಗತಿಗೆ ತರಗತಿಯೇ ನಕ್ಕಿತು. ಗೌರಮ್ಮ ನಗಲಿಲ್ಲ. "ಇದು ನಮ್ಮಣ್ಣನ ಹತ್ರ ನಡಿಯಲ್ಲ ಸಾರ್, ಮುಂದಿನ ಪಾಠ ಮಾಡಿ" ಎಂದರು.

ಮುಂದಿನ ಪಾಠ ಕಣ್ಣಿನದು. ಸುಳ್ಳು ಹೇಳುವವರು ಕಣ್ಣನ್ನು ಮೇಲಕ್ಕೆ, ಒಂದು ಪಕ್ಕಕ್ಕೆ ಹೊರಳಿಸುತ್ತಾರೆ ಎಂದು ಕೋಟಿನ ಮನುಷ್ಯ ಹೇಳಿಕೊಟ್ಟಿದ್ದರು. ನಾನು ಬೋರ್ಡಿನ ಮೇಲೆ ದೊಡ್ಡ ಕಣ್ಣು ಬರೆದು ಗೀಟು ಎಳೆದು ತೋರಿಸಿದೆ. ಗೈಡು ಪ್ರಸನ್ನ ಕೈಯೆತ್ತಿದ. "ಸಾರ್, ನಮ್ ದೇವಸ್ಥಾನಕ್ಕೆ ಬರೋರೆಲ್ಲ ಬೆಳಗಿಂದ ಸಾಯಂಕಾಲದ ತನಕ ಮೇಲೇ ನೋಡ್ತಾರೆ. ಒಂದ್ಸಲ ಎಡಕ್ಕೆ, ಒಂದ್ಸಲ ಬಲಕ್ಕೆ. ಅಷ್ಟೂ ಜನ ಸುಳ್ಳರಾ?" ಎಂದು ಕೇಳಿದ. ಬೇಲೂರು ಹಳೇಬೀಡಿನ ಗೈಡುಗಳಿಗೆ ಈ ಪಾಠ ಮಾಡಬಾರದು ಎಂದು ಕೋಟಿನ ಮನುಷ್ಯ ಎಚ್ಚರಿಕೆ ಕೊಟ್ಟಿರಲಿಲ್ಲ. ಆ ಪಾಠವನ್ನು ನಾನು ಅವತ್ತೇ ಕೈಬಿಟ್ಟೆ. ನೀವೂ ಬಿಡಿ. ಅದರಲ್ಲಿ ಹುರುಳಿಲ್ಲ.

ಆಮೇಲೆ ಚೌಕಟ್ಟು ಬದಲಿಸುವ ಪಾಠ. ಕಷ್ಟವನ್ನೇ ಅವಕಾಶ ಎಂದು ಕಾಣಬೇಕು ಎನ್ನುವುದು. ಇದನ್ನು ನನಗಿಂತ ಚೆನ್ನಾಗಿ ಕಲಿತವರು ರುದ್ರಪ್ಪನವರು. ತರಗತಿಯ ಫ್ಯಾನು ಕೆಟ್ಟಿದೆ ಎಂದು ಹೇಳಹೋದರೆ, "ಕೆಟ್ಟಿದೆ ಅನ್ಬೇಡಿ ಮೂರ್ತಿ, ಸಹಜ ವಾತಾವರಣ ಅನ್ನಿ" ಎಂದರು. ಬೇಸಿಗೆಯಿಡೀ ನಾವು ಸಹಜ ವಾತಾವರಣದಲ್ಲಿ ಬೆಂದೆವು. ನಾನು ಅದೇ ಉಮೇದಿನಲ್ಲಿ ಗೌರಮ್ಮನಿಗೆ, "ಅಣ್ಣ ಮಾತು ಬಿಟ್ಟಿದ್ದನ್ನು ನಷ್ಟ ಅಂತ ನೋಡಬೇಡಿ, ಅದರಿಂದ ನಿಮಗೆ ಸ್ವಾವಲಂಬನೆ ಬಂತು ಅಂತ ನೋಡಿ" ಎಂದುಬಿಟ್ಟೆ. ಆಕೆ ಪುಸ್ತಕ ಮುಚ್ಚಿ ಬ್ಯಾಗಿಗೆ ಹಾಕಿದರು.

"ನಿಮಗೆ ಅಕ್ಕತಂಗೀರು ಅವ್ರಾ ಸಾರ್?"

"ಇಲ್ಲಮ್ಮ."

"ಅದಕ್ಕೇ" ಎಂದು ಹೇಳಿ ಬ್ಯಾಗು ಎತ್ತಿಕೊಂಡು ಹೋದರು. ನನಗೆ ನಾಚಿಕೆಯಾಯಿತು. ಒಬ್ಬರ ಸಂಕಟಕ್ಕೆ ಬಣ್ಣದ ಕಾಗದ ಸುತ್ತಿ ಅವರಿಗೇ ಉಡುಗೊರೆ ಕೊಡಲು ಹೋಗಿದ್ದೆ.

ತರಗತಿಗಳು ಮುಗಿದವು. ಮದುವೆ ಹತ್ತಿರವಾಯಿತು. ಗೌರಮ್ಮ ಒಂದು ಬೆಳಿಗ್ಗೆ ಕೇಂದ್ರಕ್ಕೇ ಬಂದರು. ಕೈಚೀಲದಲ್ಲಿ ಲಗ್ನಪತ್ರಿಕೆ, ಕುಂಕುಮದ ಭರಣಿ, ವೀಳ್ಯದೆಲೆ ಅಡಿಕೆ. "ಸಾರ್, ನಾನು ಕಲಿತಿದ್ದು ಏನೂ ಇಲ್ಲ. ನೀವೇ ಬನ್ನಿ. ನನ್ನ ಜೊತೆ ಒಬ್ಬರು ಇದ್ರೆ ಆ ಹೊಸ್ತಿಲವರೆಗಾದ್ರೂ ಹೋಗ್ತೀನಿ. ಈ ಸಲ ಆಗದಿದ್ರೆ ನಮ್ಮ ಹುಡುಗಿ ಮುಖ ನಾನು ಹೆಂಗೆ ನೋಡ್ಲಿ?" ಎಂದರು. ಆ ಧ್ವನಿ ಕೇಳಿ ನನ್ನ ಹೆಮ್ಮೆ ಅರ್ಧ ಇಳಿಯಿತು. ಇನ್ನರ್ಧ ಉಳಿದಿತ್ತು ಅನ್ನುವುದೇ ಮುಂದಿನ ಕಥೆ.

ಬಸ್ಸಿನಲ್ಲಿ ಹಳೇಬೀಡಿಗೆ ಹೋಗಿ, ಆಟೋದಲ್ಲಿ ಹುಲಿಕೆರೆ ಸೇರಿದೆವು. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಯೋಜನೆ. ಬಸಣ್ಣ ಹೇಗೆ ಕೂರುತ್ತಾನೋ ಹಾಗೆ ಕೂರಬೇಕು, ಹೇಗೆ ಉಸಿರಾಡುತ್ತಾನೋ ಹಾಗೆ ಉಸಿರಾಡಬೇಕು. ಅವನು ನನ್ನವನಾಗುತ್ತಾನೆ. ಆಮೇಲೆ ಮೆಲ್ಲನೆ ತಂಗಿಯ ಕಡೆಗೆ ತಿರುಗಿಸಬೇಕು. ಕೋಟಿನ ಮನುಷ್ಯ ಕೊಟ್ಟ ಪುಸ್ತಕದಲ್ಲಿ ಎರಡೇ ಚಿತ್ರಕ್ಕೆ ಇದು ಮುಗಿದುಹೋಗಿತ್ತು.

ಆಟೋದವನು ನಾವು ಆ ಊರಿನ ಹೊಯ್ಸಳರ ಕಾಲದ ಕಲ್ಯಾಣಿ ನೋಡಲು ಬಂದವರೆಂದು ತಿಳಿದು ಆ ಕಡೆಗೇ ಹೊರಟಿದ್ದ. ಅವನನ್ನು ತಿರುಗಿಸಿ ಬಸಣ್ಣನ ಮನೆಗೆ ಬಂದೆವು. ಬಸಣ್ಣ ಜಗಲಿಯ ಮೇಲೆ ಕೂತಿದ್ದ. ಅರವತ್ತರ ಆಸುಪಾಸಿನ ದೊಡ್ಡ ಆಳು, ಹಣೆಯಲ್ಲಿ ವಿಭೂತಿ, ಒಂದು ಕಾಲು ಮೇಲೆ ಮಡಚಿಟ್ಟುಕೊಂಡಿದ್ದ. ತಂಗಿಯನ್ನು ಕಂಡು ಎದ್ದ, ಎದ್ದದ್ದು ತಪ್ಪಾಯಿತೇನೋ ಎಂಬ ಹಾಗೆ ಮತ್ತೆ ಕೂತ. ಅವನ ಹೆಂಡತಿ ಪಾರ್ವತಮ್ಮ ಒಳಗಿಂದ ಓಡಿಬಂದು ಗೌರಮ್ಮನ ಕೈ ಹಿಡಿದು ಜಗಲಿಯ ಇನ್ನೊಂದು ತುದಿಯಲ್ಲಿ ಕೂರಿಸಿದರು. ನಡುವೆ, ನಮ್ಮ ಮೇಷ್ಟ್ರು ಎಂದು ಗೌರಮ್ಮ ಅತ್ತಿಗೆಗೆ ಪರಿಚಯಿಸಿದ ನಾನು.

ಮಾತು ಬಿಟ್ಟವರ ಸಂಭಾಷಣೆ ಕೇಳಿದವರಿಗೆ ಮುಂದಿನದನ್ನು ಹೇಳಬೇಕಿಲ್ಲ.

"ಮೇಷ್ಟ್ರೇ, ಬಂದೋರಿಗೆ ಬಿಸ್ಲಲ್ಲಿ ಬಾಯಾರೈತೇನೋ, ಮಜ್ಜಿಗೆ ಬೇಕಾ ಕೇಳಿ" ಎಂದ ಬಸಣ್ಣ ನನ್ನನ್ನು ನೋಡುತ್ತ.

"ನಮಗೇನೂ ಬಾಯಾರಿಲ್ಲ ಅಂತ ಹೇಳಿ ಸಾರ್" ಎಂದರು ಗೌರಮ್ಮ, ಅವರೂ ನನ್ನನ್ನೇ ನೋಡುತ್ತ.

"ಹಂಗಾದ್ರೆ ಬಂದ ಕೆಲಸ ಏನು ಅಂತ ಕೇಳಿ."

"ಕೆಲಸ ಅವರಿಗೂ ಗೊತ್ತೈತೆ ಅಂತ ಹೇಳಿ."

"ಗೊತ್ತಿದ್ರೂ ಬಾಯಲ್ಲಿ ಬರಲಿ ಅಂತ ಹೇಳಿ."

ಸಂವಹನ ತಜ್ಞನಾದ ನಾನು ಫೋನಿನ ತಂತಿಯಾಗಿ ಕೂತಿದ್ದೆ. ಆದರೂ ಯೋಜನೆ ಬಿಡಲಿಲ್ಲ. ಬಸಣ್ಣನ ಹಾಗೆಯೇ ಒಂದು ಕಾಲು ಮಡಚಿ ಮೇಲಿಟ್ಟೆ. ಅವನು ಕತ್ತು ಸವರಿಕೊಂಡ, ನಾನೂ ಸವರಿಕೊಂಡೆ. ಅವನು ಟವೆಲ್ಲಿನಿಂದ ಮುಖ ಒರೆಸಿಕೊಂಡ, ನಾನು ಕರ್ಚೀಫಿನಿಂದ ಒರೆಸಿಕೊಂಡೆ. ಇನ್ನು ಉಸಿರು. ಗಮನವಿಟ್ಟು ನೋಡಿದೆ. ಎಳೆದೆಳೆದು, ಎದೆಯಲ್ಲಿ ಸುಂಯ್ ಎನ್ನುವ, ಮೇಲಿಂದ ಮೇಲೆ ಬರುವ ಉಸಿರು. ಕೋಪ ಒಳಗೆ ಕುದಿಯುತ್ತಿದೆ ಎಂದುಕೊಂಡು ನಾನೂ ಹಾಗೇ ಎಳೆಯತೊಡಗಿದೆ. ಬಸಣ್ಣನಿಗೆ ಬಹಳ ಕಾಲದಿಂದ ಉಬ್ಬಸ ಎನ್ನುವುದು ನನಗೆ ತಿಳಿದಿರಲಿಲ್ಲ. ಅವನಿಗೆ ರೂಢಿಯಿತ್ತು, ನನಗಿರಲಿಲ್ಲ. ಸ್ವಲ್ಪ ಹೊತ್ತಿಗೆ ತುಟಿ ಜುಮ್ಮೆಂದಿತು, ಬೆರಳು ಸೆಟೆದವು, ಎದುರಿನ ತೆಂಗಿನ ಮರಗಳು ಒಂದರ ಮೇಲೊಂದು ಒರಗಿದವು. ನಾನು ಜಗಲಿಯ ಮೇಲೆ ಹಾಗೇ ಪಕ್ಕಕ್ಕೆ ಬಿದ್ದೆ.

"ಗೌರೀ! ಇವರಿಗೇನಾಯ್ತೇ?" ಎಂದು ಬಸಣ್ಣ ಕೂಗಿದ.

"ನನಗೇನು ಗೊತ್ತು, ಬೆಳಗಿಂದ ಚೆನ್ನಾಗೇ ಇದ್ರಲ್ಲಣ್ಣ!"

ತಾವು ನೇರವಾಗಿ ಮಾತಾಡಿಬಿಟ್ಟದ್ದು ಕೂಗಿದವನಿಗೂ ತಿಳಿಯಲಿಲ್ಲ, ಉತ್ತರ ಕೊಟ್ಟವರಿಗೂ ತಿಳಿಯಲಿಲ್ಲ. ತಿಳಿದದ್ದು ಕಣ್ಣುಮುಚ್ಚಿ ಬಿದ್ದಿದ್ದ ನನಗೆ ಮತ್ತು ಬೀಸಣಿಗೆ ಹಿಡಿದು ಓಡಿಬಂದ ಪಾರ್ವತಮ್ಮನಿಗೆ. ಉಸಿರು ತಹಬಂದಿಗೆ ಬಂದು ನಾನು ಒಂದು ಕಣ್ಣು ತೆರೆದು ಏಳಲು ಹೋದರೆ, ಆ ತಾಯಿ ನನ್ನ ಭುಜ ಅದುಮಿ ಹಿಡಿದು, ಸುಮ್ಮನೆ ಮಲಗಿ ಎಂದು ಕಣ್ಣಲ್ಲೇ ಹೇಳಿದರು. ನಾನು ರೆಪ್ಪೆಯ ಸಂದಿಯಷ್ಟೇ ಉಳಿಸಿ ಕಣ್ಣು ಮುಚ್ಚಿದೆ. ಇಡೀ ವೃತ್ತಿಜೀವನದಲ್ಲಿ ಬಾಯಿ ಮುಚ್ಚಿಕೊಂಡು ಸರಿಯಾಗಿ ಮಾಡಿದ ಕೆಲಸ ಅದೊಂದೇ.

"ಹಳೇಬೀಡಿಂದ ಡಾಕ್ಟ್ರನ್ನ ಕರೆಸೋಣ" ಎಂದರು ಗೌರಮ್ಮ.

ಬಸಣ್ಣ ಬಗ್ಗಿ ನನ್ನ ಮೂಗಿನ ಹತ್ತಿರ ಬೆರಳಿಟ್ಟು ನೋಡಿದ. "ಏನಿಲ್ಲ ಕಣೇ, ಬಿಸ್ಲಿಗೆ ತಲೆ ಸುತ್ತೈತೆ. ಚೆನ್ನಾಗವ್ರೆ."

"ಚೆನ್ನಾಗವ್ರೆ?" ಗೌರಮ್ಮನ ಧ್ವನಿ ಒಮ್ಮೆಲೇ ಏರಿತು. "ನಿನ್ನ ಬಾಯಲ್ಲಿ ಆ ಮಾತು ನಾನು ಇನ್ನೊಂದ್ಸಲ ನಂಬ್ತೀನಾ? ಅವ್ವನ್ನೂ ಹಿಂಗೇ ಚೆನ್ನಾಗವ್ಳೆ ಅಂದೆಯಲ್ಲ! ಆ ಹೊತ್ತಲ್ಲಿ ಅವಳು ಎಲ್ಲಿದ್ಳು ಹೇಳು! ಹೇಳಣ್ಣ!"

ಬೀಸಣಿಗೆ ನಿಂತಿತು. ಬಸಣ್ಣ ಕೂಗಲಿಲ್ಲ. ಜಗಲಿಯಿಂದ ಇಳಿದು ಹೋಗುತ್ತಾನೆ ಎಂದುಕೊಂಡೆ, ಹೋಗಲಿಲ್ಲ.

"ನನ್ನ ತೊಡೆ ಮೇಲಿದ್ಳು ಕಣೇ. ಅವಾಗ್ಲೇ ಹೋಗಿದ್ದು. ನಿಂಗೆ ಹೇಳಕ್ಕೇ ಫೋನ್ ಮಾಡ್ದೆ. ನೀನು ಎತ್ತಿದ್ದೇ ತಡ ಅವ್ವ ಹೆಂಗವ್ಳೆ ಅಂದೆ. ಚಿಕ್ಕ ಮಗು ಕೇಳ್ದಂಗೆ ಕೇಳ್ದೆ. ನಂಗೆ ಬಾಯೇ ಬರಲಿಲ್ಲ. ಏನೋ ಬಂತು, ಅಂದ್ಬುಟ್ಟೆ. ಮತ್ತೆ ಮಾಡೋಣ, ಸರಿಯಾಗಿ ಹೇಳೋಣ ಅಂತ ಕೈಲೇ ಇಟ್ಕೊಂಡು ಕೂತಿದ್ದೆ. ನಂಬರ್ ಒತ್ತಕ್ಕೇ ಆಗ್ಲಿಲ್ಲ. ಅಷ್ಟ್ರಲ್ಲಿ ಇನ್ಯಾರೋ ಹೇಳವ್ರೆ ಅಂದ್ರು, ಊರೋರು ಹೊತ್ತಾಯ್ತು ಅಂದ್ರು. ನಿನ್ನ ಕಾಯ್ಲಿಲ್ಲ ನಾನು. ಅದು ನಂದೇ ತಪ್ಪು."

"ಇಷ್ಟ್ ವರ್ಷ ಯಾಕ್ ಹೇಳ್ಲಿಲ್ಲ?"

"ನೀನು ಕೇಳ್ಲಿಲ್ವಲ್ಲೇ."

ಆಮೇಲೆ ಜಗಳ ಶುರುವಾಯಿತು. ಎಂಥ ಜಗಳ! ತಾಯಿಯ ಸೀರೆ ಯಾರಿಗೆ ಕೊಟ್ಟೆ ಎನ್ನುವುದರಿಂದ ಹಿಡಿದು, ಮಗಳು ಮೈನೆರೆದಾಗ ಯಾಕೆ ಬರಲಿಲ್ಲ, ನೀನು ಯಾಕೆ ಕರೆಯಲಿಲ್ಲ ಎನ್ನುವವರೆಗೆ. ನನ್ನ ಪಾಠದ ಒಂದು ನಿಯಮವನ್ನೂ ಅವರು ಪಾಲಿಸಲಿಲ್ಲ. ಒಬ್ಬರ ಮಾತಿನ ಮೇಲೆ ಒಬ್ಬರು ಬಿದ್ದರು, ಬೆರಳು ತೋರಿಸಿದರು, ನೀನು ನೀನು ಎಂದರು. ಮಲಗಿದ್ದ ನನ್ನ ಕಣ್ಣಿಂದ ನೀರಿಳಿದು ಕಿವಿಗೆ ಹೋಗುತ್ತಿತ್ತು. ಪಾರ್ವತಮ್ಮ ಸೆರಗಿನಿಂದ ಮೊದಲು ತಮ್ಮ ಕಣ್ಣು ಒರೆಸಿಕೊಂಡು, ಆಮೇಲೆ ನನ್ನದನ್ನೂ ಒರೆಸಿದರು.

ಹೊಸದಾಗಿ ಬರುವವರಿಗೆ ಒಂದು ಮಾತು ಹೇಳಿಬಿಡುತ್ತೇನೆ. ಎನ್‌ಎಲ್‌ಪಿಯಲ್ಲಿ ಉಳಿಸಿಕೊಳ್ಳುವಂಥದ್ದು ಇಲ್ಲವೆಂದಲ್ಲ. ನಾನು ಏನು ಹೇಳಿದೆ ಎನ್ನುವುದಕ್ಕಿಂತ ಎದುರಿನವರಿಗೆ ಏನು ಮುಟ್ಟಿತು ಎಂದು ನೋಡು ಅನ್ನುತ್ತದೆ ಅದು. ಈ ಒಂದು ಮಾತು ಚಿನ್ನ. ಬಸಣ್ಣನಿಂದ ಹೊರಟದ್ದು ಸಂಕಟ, ಗೌರಮ್ಮನಿಗೆ ಮುಟ್ಟಿದ್ದು ಸುಳ್ಳು. ಇಷ್ಟನ್ನು ನಾನು ಮೊದಲ ದಿನವೇ ಯೋಚಿಸಿ, ಅವನು ಯಾಕೆ ಹಾಗೆ ಅಂದಿರಬಹುದು ಎಂದು ಆಕೆಯನ್ನು ಕೇಳಬಹುದಿತ್ತು. ಕೇಳಲಿಲ್ಲ. ನನ್ನ ಗಮನವೆಲ್ಲ ಯಾರು ಯಾವ ಕಾಲು ಮಡಚುತ್ತಾರೆ ಎನ್ನುವುದರ ಮೇಲಿತ್ತು. ಈ ವಿದ್ಯೆಯ ಮುಖ್ಯ ಅಪಾಯ ಇದೇ. ಮನುಷ್ಯರನ್ನು ಓದಲು ಹೊರಟವನು ಮನುಷ್ಯರನ್ನು ಕೇಳುವುದನ್ನು ಮರೆಯುತ್ತಾನೆ.

ಜಗಳ ದಣಿಯಿತು. ನಾನೂ ಆಗ ಎಚ್ಚರವಾದವನ ಹಾಗೆ ಎದ್ದು ಕೂತೆ. ಯಾರೂ ನನ್ನ ಕಡೆ ನೋಡಲಿಲ್ಲ. ಪಾರ್ವತಮ್ಮ ತಂದ ಮಜ್ಜಿಗೆಯನ್ನು ಗೌರಮ್ಮ ಗಟಗಟ ಕುಡಿದರು. ಬಸಣ್ಣ ಟವೆಲ್ಲು ಹೆಗಲಿಗೆ ಸರಿಮಾಡಿಕೊಂಡು, ಜಗಲಿಯ ಮೇಲೆ ನೆಟ್ಟಗೆ ಕೂತು, "ಹೂಂ, ಈಗ ಕರಿ" ಎಂದ. "ಬಾಯಿಬಿಟ್ಟು ಕರಿ."

ಗೌರಮ್ಮ ಕೈಚೀಲ ತೆಗೆದರು. ಪಾರ್ವತಮ್ಮನಿಗೆ ಕುಂಕುಮ ಇಟ್ಟರು. ವೀಳ್ಯದೆಲೆಯ ಮೇಲೆ ಅಡಿಕೆ, ಅದರ ಮೇಲೆ ಪತ್ರಿಕೆ ಇಟ್ಟು ಎರಡೂ ಕೈಯಲ್ಲಿ ಅಣ್ಣನ ಮುಂದೆ ಹಿಡಿದರು. ಹೇಳಬೇಕಾದ ಮಾತು ಎಲ್ಲರಿಗೂ ಗೊತ್ತಿರುವುದೇ. ಮಗಳ ಮದುವೆ, ಸೋದರಮಾವ ನೀನು, ಮುಂದೆ ನಿಂತು ನಡೆಸಿಕೊಡಬೇಕು, ಅಷ್ಟೇ. ದಾರಿಯಲ್ಲಿ ಬಸ್ಸಿನಲ್ಲಿ ತುಟಿ ಅಲ್ಲಾಡಿಸಿಕೊಂಡು ಅದನ್ನೇ ಹೇಳಿಕೊಳ್ಳುತ್ತ ಬಂದಿದ್ದರು. ಬಾಯಿ ತೆರೆದರು. ಮಾತು ಬರಲಿಲ್ಲ. ಮತ್ತೆ ತೆರೆದರು, ಬರಲಿಲ್ಲ. ಎಲೆ ಹಿಡಿದ ಕೈಯನ್ನು ಇನ್ನಷ್ಟು ಮುಂದಕ್ಕೆ ಚಾಚಿದರು.

ಬಸಣ್ಣ ಆ ಕೈಯನ್ನೇ ನೋಡುತ್ತಿದ್ದ. ಆಮೇಲೆ ಮುಂದಕ್ಕೆ ಬಾಗಿ, ತನ್ನ ಎರಡೂ ಕೈಯಿಂದ ತಂಗಿಯ ಎರಡೂ ಕೈಯನ್ನು ಹಿಡಿದುಕೊಂಡ.

"ಬತ್ತೀನಿ ಕಣೇ" ಎಂದ. "ಕೇಳಿಸ್ತು. ಬತ್ತೀನಿ."